ಆಫೀಸ್ ಕೆಲಸದ ಜೊತೆ ಇಬ್ಬರ ಮುಂಬಯಿ ಪ್ರವಾಸ: ಒಪ್ಪಿಗೆಯಿಂದ ಬಿಲ್‌ವರೆಗೆ ಹಂತ ಹಂತವಾಗಿ

ನಮ್ಮ ಮನೆ ಮಾಟುಂಗದಲ್ಲಿ. ಹಾಗಾಗಿ ಊರಿನ ಕಡೆಯ ಯಾರು ಮುಂಬಯಿಗೆ ಹೊರಟರೂ ನನಗೊಂದು ಫೋನ್ ಬರುತ್ತದೆ. "ಚಿಕ್ಕಮ್ಮ, ಇವರಿಗೆ ಗುರುವಾರ, ಶುಕ್ರವಾರ ಆಫೀಸ್ ಕೆಲಸ. ಹೇಗೂ ಹೋಟೆಲ್ ಕೊಡ್ತಾರೆ, ನಾನೂ ಬರ್ತಿದ್ದೀನಿ. ಶನಿವಾರ, ಭಾನುವಾರ ಏನೇನು ನೋಡಬಹುದು?" ಭಾನುವಾರ ರಾತ್ರಿ ಅದೇ ಹುಡುಗಿಯ ಇನ್ನೊಂದು ಫೋನ್. ಎರಡು ದಿನ ಅಂಧೇರಿಯ ರೂಮಿನಲ್ಲಿ ಟೀವಿ ನೋಡಿದ್ದಾಯಿತು, ಶನಿವಾರ ಟ್ಯಾಕ್ಸಿಯಲ್ಲೇ ಮುಗಿಯಿತು, ಇವತ್ತು ನೋಡಿದರೆ ಹಳಿ ದುರಸ್ತಿಗೆಂದು ಲೋಕಲ್ ರೈಲಿಗೆ ಬ್ಲಾಕ್ ಅಂತೆ.

ಇಂಥ ಫೋನುಗಳನ್ನು ತುಂಬಾ ಕೇಳಿದ್ದೇನೆ. ನೋಡುವ ಜಾಗ ಆರಿಸುವುದರಲ್ಲಿ ಇವರ್ಯಾರೂ ತಪ್ಪಿರಲಿಲ್ಲ, ಎಡವಿದ್ದು ಕ್ರಮದಲ್ಲಿ. ಮೊದಲು ವಿಮಾನದ ಟಿಕೆಟ್, ನಂತರ ಹೋಟೆಲ್, ಅದಾದ ಮೇಲೆ ಆಫೀಸಿನಲ್ಲಿ ಮಾತು. ಜೊತೆಗೆ ಬಂದವರು ಹಗಲೆಲ್ಲ ಏನು ಮಾಡಬೇಕು ಅನ್ನುವುದು ಕಟ್ಟಕಡೆಗೆ ನೆನಪಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕೆಲಸ ಗಂಡನದಾದರೂ ಹೆಂಡತಿಯದಾದರೂ ಕ್ರಮ ಬದಲಾಗುವುದಿಲ್ಲ.

## ಹಂತ 1: ಟಿಕೆಟ್‌ಗೆ ಮೊದಲು ಆಫೀಸಿನ ಒಪ್ಪಿಗೆ

ಮ್ಯಾನೇಜರ್‌ಗೆ ಒಂದು ಸಣ್ಣ ಮೇಲ್ ಹಾಕಿ. ಅದರಲ್ಲಿ ಮೂರು ಮಾತು ಇದ್ದರೆ ಸಾಕು: ಸಂಗಾತಿ ಸ್ವಂತ ಖರ್ಚಿನಲ್ಲಿ ಬರುತ್ತಿದ್ದಾರೆ, ಕೆಲಸ ಮುಗಿದ ಮೇಲೆ ಎರಡು ದಿನ ಉಳಿದು, ವಾಪಸ್ ಟಿಕೆಟ್ ಭಾನುವಾರಕ್ಕೆ ಮಾಡಬೇಕೆಂದಿದ್ದೇನೆ, ಆ ಎರಡು ದಿನದ ರೂಮ್ ಬಾಡಿಗೆ ನನ್ನದು. ಬಾಯಿಮಾತಿನ "ಆಯ್ತು ಹೋಗಿ ಬಾ" ಸಾಲದು. ಬಿಲ್ ಪಾಸ್ ಮಾಡುವವರು ಬೇರೆ ವಿಭಾಗದವರು, ಅವರ ಮುಂದೆ ಇರುವುದು ಕಾಗದ ಮಾತ್ರ.

ಕಂಪನಿ ಉದಾರವಾಗಿ "ಅವರ ಟಿಕೆಟನ್ನೂ ನಾವೇ ಕೊಡ್ತೀವಿ" ಎಂದರೆ, ಅದು ನಿಮ್ಮ ಸಂಬಳದ ಜೊತೆಗಿನ ಸವಲತ್ತಾಗಿ ತೆರಿಗೆಗೆ ಬರುತ್ತದೆ ಅನ್ನುವುದು ಗೊತ್ತಿರಲಿ. ಬೇಡವೆನ್ನಬೇಕಾಗಿಲ್ಲ, ಲೆಕ್ಕ ತಿಳಿದಿದ್ದರೆ ಸಾಕು.

ಮೀಟಿಂಗ್ ದಿನಾಂಕದ ಪಕ್ಕ "ಬಹುಶಃ" ಅನ್ನುವ ಪದ ಇನ್ನೂ ಇದ್ದರೆ ಜೊತೆಗಾರರ ಟಿಕೆಟ್ ಮಾಡಬೇಡಿ. ಕೆಲಸ ಒಂದು ವಾರ ಮುಂದಕ್ಕೆ ಹೋದರೆ ಕಂಪನಿಯ ಟಿಕೆಟ್ ಬದಲಾಗುತ್ತದೆ, ನಿಮ್ಮ ದುಡ್ಡಿನದು ಮುಳುಗುತ್ತದೆ. ಕಾಯಲು ಆಗುವುದೇ ಇಲ್ಲವೆಂದರೆ ದಿನಾಂಕ ಬದಲಿಸಬಹುದಾದ ದರದ ಟಿಕೆಟ್ ಕೊಳ್ಳಿ.

## ಹಂತ 2: ಒಟ್ಟಿಗೆ ಸಿಗುವ ಗಂಟೆಗಳನ್ನು ಎಣಿಸಿ

ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು. ನಾಲ್ಕು ದಿನಕ್ಕೆ ನಾಲ್ಕು ಸಾಲು ಎಳೆಯಿರಿ. ಮೀಟಿಂಗ್, ಆಫೀಸ್ ಊಟ, ಗ್ರಾಹಕರ ಜೊತೆಗಿನ ರಾತ್ರಿಯೂಟ, ಓಡಾಟ, ನಿದ್ದೆ ಎಲ್ಲವನ್ನೂ ತುಂಬಿ. ಖಾಲಿ ಉಳಿದದ್ದಷ್ಟೇ ನಿಮ್ಮಿಬ್ಬರ ಪ್ರವಾಸ.

ನನ್ನ ಅಕ್ಕನ ಮಗಳು ಹೀಗೆ ಬರೆದಾಗ ನಾಲ್ಕು ದಿನದಲ್ಲಿ ಸಿಕ್ಕಿದ್ದು ಸುಮಾರು ಇಪ್ಪತ್ತು ಗಂಟೆ. ಅವಳ ಪಟ್ಟಿಯಲ್ಲಿ ಹದಿನಾಲ್ಕು ಜಾಗಗಳಿದ್ದವು. ಗಂಟೆ ಎಣಿಸಿದ ಮೇಲೆ ಅವಳೇ ಒಂಬತ್ತನ್ನು ಹೊಡೆದು ಹಾಕಿದಳು.

ಗುರುವಾರ, ಶುಕ್ರವಾರ ಹಗಲಿನ ಸಾಲನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಅದು ಜೊತೆಗೆ ಬಂದವರ ಸ್ವಂತ ಸಮಯ. ಅದಕ್ಕೆ ಹಂತ 5ರಲ್ಲಿ ಪ್ರತ್ಯೇಕ ಏರ್ಪಾಡಿದೆ.

## ಹಂತ 3: ಉಳಿಯುವ ಜಾಗವನ್ನು ನಕ್ಷೆಯ ಮೇಲೆ ನಿರ್ಧರಿಸಿ

ಇಡೀ ಪ್ರವಾಸ ನಿಂತಿರುವುದು ಈ ಹಂತದ ಮೇಲೆ. ಇಲ್ಲಿ ಕೊಟ್ಟ ಒಂದು ಗಂಟೆ ಅಲ್ಲಿ ಎಂಟು ಗಂಟೆ ಉಳಿಸುತ್ತದೆ.

ಮುಂಬಯಿ ಉದ್ದಕ್ಕೆ ಮಲಗಿರುವ ಊರು. ದಕ್ಷಿಣದ ತುದಿಯಲ್ಲಿ ಕೊಲಾಬಾ, ಫೋರ್ಟ್, ಚರ್ಚ್‌ಗೇಟ್. ನೀವು ನೋಡಬೇಕೆಂದಿರುವುದು ಬಹುಪಾಲು ಅಲ್ಲಿದೆ. ಆಫೀಸುಗಳು ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಲೋವರ್ ಪರೇಲ್, ಅಂಧೇರಿ, ಗೋರೆಗಾಂವ್, ಪೊವಾಯಿ, ಐರೋಲಿ ಎಂದು ಚದುರಿವೆ. ಕಂಪನಿ ಸಾಮಾನ್ಯವಾಗಿ ವಿಮಾನ ನಿಲ್ದಾಣದ ಹತ್ತಿರ ರೂಮ್ ಕೊಡುತ್ತದೆ. ಒಬ್ಬರೇ ಬಂದು ಹೋಗುವವರಿಗೆ ಅದು ಸರಿ. ಜೊತೆಗೆ ಬಂದವರು ಮಾತ್ರ ಎರಡು ದಿನ ಹೆದ್ದಾರಿ ನೋಡುತ್ತ ಕೂರಬೇಕಾಗುತ್ತದೆ.

ಈಗ ಈ ಗಂಟನ್ನು ಬಿಡಿಸುವುದು ಮೆಟ್ರೊ 3. 2025ರ ಅಕ್ಟೋಬರ್‌ನಿಂದ ಅದು ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ: 33.5 ಕಿಲೋಮೀಟರ್, 27 ನಿಲ್ದಾಣ. ಅಂಧೇರಿಯ ಸೀಪ್ಜ್ ಕೈಗಾರಿಕಾ ವಲಯ, ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ಬಿಕೆಸಿ, ದಾದರ್, ಸಿದ್ಧಿವಿನಾಯಕ, ವರ್ಲಿ, ಸಿಎಸ್‌ಎಂಟಿ (ಹಿಂದಿನ ವಿ.ಟಿ. ರೈಲು ನಿಲ್ದಾಣ), ಹುತಾತ್ಮ ಚೌಕ, ಚರ್ಚ್‌ಗೇಟ್ ಎಲ್ಲವೂ ಒಂದೇ ಗೆರೆಯ ಮೇಲಿವೆ. ಹೀಗೆ ಮಾಡಿ:

1. ಆಫೀಸಿನ ವಿಳಾಸವನ್ನು ನಕ್ಷೆಯಲ್ಲಿ ಗುರುತಿಸಿ, ಹತ್ತಿರದ ಮೆಟ್ರೊ 3 ನಿಲ್ದಾಣ ಎಷ್ಟು ದೂರ ನೋಡಿ. ಬಿಕೆಸಿ ಅಂದಾಕ್ಷಣ ಇಳಿದಲ್ಲೇ ಆಫೀಸ್ ಇರುತ್ತದೆ ಎಂದುಕೊಳ್ಳಬೇಡಿ, ಅದು ದೊಡ್ಡ ಬಡಾವಣೆ. ನಿಲ್ದಾಣದಿಂದ ಇನ್ನೊಂದಿಷ್ಟು ನಡಿಗೆಯೋ ಆಟೊವೋ ಬೇಕಾಗಬಹುದು.
2. ಆಫೀಸ್ ಈ ಗೆರೆಯ ಆಸುಪಾಸಿನಲ್ಲಿದ್ದರೆ ಫೋರ್ಟ್ ಅಥವಾ ಚರ್ಚ್‌ಗೇಟ್ ಕಡೆ ರೂಮ್ ಹಿಡಿಯಿರಿ. ಕೆಲಸಕ್ಕೆ ಹೋಗುವವರು ಮೆಟ್ರೊದಲ್ಲಿ ಹೋಗಿ ಬರಲಿ, ಜೊತೆಗೆ ಬಂದವರು ರೂಮಿನ ಬಾಗಿಲಿನಿಂದಲೇ ಊರಿಗೆ ಇಳಿಯಲಿ.
3. ಆಫೀಸ್ ಪೊವಾಯಿಯಲ್ಲೋ ಐರೋಲಿಯಲ್ಲೋ ಇದ್ದರೆ ದಿನವೂ ಕೊಲಾಬಾದಿಂದ ಓಡಾಡುವ ಹುಚ್ಚು ಬೇಡ. ಕೆಲಸದ ರಾತ್ರಿಗಳನ್ನು ಆಫೀಸ್ ಬಳಿ ಕಳೆದು, ಶುಕ್ರವಾರ ಸಂಜೆ ದಕ್ಷಿಣಕ್ಕೆ ರೂಮ್ ಬದಲಿಸಿ. ಒಮ್ಮೆ ಸೂಟ್‌ಕೇಸ್ ಕಟ್ಟುವುದು ನಾಲ್ಕು ಸಲ ಟ್ರಾಫಿಕ್‌ನಲ್ಲಿ ಕೂರುವುದಕ್ಕಿಂತ ಮೇಲು.
4. ಕಂಪನಿಯ ಮಿತಿಗಿಂತ ರೂಮ್ ದುಬಾರಿಯಾದರೆ ಹೆಚ್ಚುವರಿಯನ್ನು ನೀವು ತುಂಬುವ ಅವಕಾಶ ಇದೆಯೇ ಎಂದು ಹಂತ 1ರ ಮೇಲ್‌ನಲ್ಲೇ ಕೇಳಿಬಿಡಿ.

ಬುಕಿಂಗ್ ಆದ ಮೇಲೆ ಹೋಟೆಲ್‌ಗೆ ನೇರವಾಗಿ ಫೋನ್ ಮಾಡಿ. ಕಂಪನಿಯ ಬುಕಿಂಗ್ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿರುತ್ತದೆ. ಇಬ್ಬರಿಗೆ ಬದಲಿಸಿ, ದರದ ವ್ಯತ್ಯಾಸ ಎಷ್ಟು, ಎರಡನೆಯವರ ಬೆಳಗಿನ ತಿಂಡಿ ಸೇರಿದೆಯೇ ಎಂದು ಕೇಳಿ ಮೇಲ್‌ನಲ್ಲಿ ಬರೆಸಿಕೊಳ್ಳಿ. ಕಂಪನಿಯ ಎರಡು ರಾತ್ರಿ, ನಿಮ್ಮ ಎರಡು ರಾತ್ರಿ ಬೇರೆ ಬೇರೆ ಬುಕಿಂಗ್ ಆಗಿದ್ದರೆ ಎರಡನ್ನೂ ಜೋಡಿಸಿ ಒಂದೇ ರೂಮ್ ಕೊಡಲು ಹೇಳಿ. ಹೇಳದಿದ್ದರೆ ಅಲ್ಲಿ ಅವು ಎರಡು ಬೇರೆ ಗಿರಾಕಿಗಳ ಲೆಕ್ಕ. ಬೆಳಿಗ್ಗೆ ರೂಮ್ ಖಾಲಿ ಮಾಡಿ, ಹೊಸದು ಸಿಗುವವರೆಗೆ ಮಧ್ಯಾಹ್ನ ಪೂರ್ತಿ ಲಾಬಿಯಲ್ಲಿ ಕಾದವರನ್ನು ನಾನು ಬಲ್ಲೆ.

ಇಬ್ಬರದೂ ಮೂಲ ಗುರುತಿನ ಚೀಟಿ ಬೇಕು. ಮದುವೆಯಾದ ಹೊಸತರಲ್ಲಿ ನಮ್ಮವರ ತರಬೇತಿಗೆಂದು ಬಂದು ಇಳಿದಾಗ ನನ್ನ ಚೀಟಿ ಊರಿನಲ್ಲೇ ಉಳಿದಿತ್ತು. ರಾತ್ರಿ ಹನ್ನೊಂದೂವರೆಗೆ ಕೌಂಟರ್ ಮುಂದೆ ನಿಂತು ಅತ್ತಿದ್ದು ಇವತ್ತಿಗೂ ಮರೆತಿಲ್ಲ. ನಿಮ್ಮಿಬ್ಬರ ಚೀಟಿಗಳನ್ನು ಟಿಕೆಟ್ ಮಾಡುವ ದಿನವೇ ಬ್ಯಾಗಿಗೆ ಹಾಕಿಬಿಡಿ.

## ಹಂತ 4: ಈಗ ಟಿಕೆಟ್

ಇಬ್ಬರ ಟಿಕೆಟ್ ಬೇರೆ ಬೇರೆ ಪಿಎನ್‌ಆರ್‌ನಲ್ಲಿರಲಿ. ಒಂದರಲ್ಲೇ ಮಾಡಿದರೆ ಬಿಲ್ ಬೇರ್ಪಡಿಸಲು ಒದ್ದಾಡಬೇಕು, ಒಬ್ಬರ ದಿನಾಂಕ ಬದಲಾದರೆ ಇನ್ನೊಬ್ಬರದೂ ಸಿಕ್ಕಿಹಾಕಿಕೊಳ್ಳುತ್ತದೆ. ಬೇರೆ ಮಾಡಿದರೆ ಸೀಟು ದೂರ ದೂರ ಬೀಳಬಹುದು. ಚೆಕ್-ಇನ್ ತೆರೆದ ಕೂಡಲೇ ಇಬ್ಬರೂ ಅಕ್ಕಪಕ್ಕ ಕೂತು ಒಟ್ಟಿಗೆ ಸೀಟು ಆರಿಸಿ.

ಟಿಕೆಟ್‌ನಲ್ಲಿ ಊರಿನ ಹೆಸರಿಗಿಂತ ವಿಮಾನ ನಿಲ್ದಾಣದ ಸಂಕೇತ ನೋಡಿ. ಬಿಒಎಂ ಅಂದರೆ ಹಳೆಯ ನಿಲ್ದಾಣ, ಎನ್‌ಎಂಐ ಅಂದರೆ ನವಿ ಮುಂಬಯಿ. 2025ರ ಡಿಸೆಂಬರ್‌ನಿಂದ ಅಲ್ಲಿಗೂ ವಿಮಾನ ಇಳಿಯುತ್ತಿದೆ. ಆಫೀಸ್ ಐರೋಲಿ ಕಡೆಯಿದ್ದರೆ ಅದು ಅನುಕೂಲ. ಬಿಕೆಸಿಯಲ್ಲಿ ಒಂಬತ್ತಕ್ಕೆ ಮೀಟಿಂಗ್ ಇಟ್ಟುಕೊಂಡು, ಐನೂರು ರೂಪಾಯಿ ಅಗ್ಗವೆಂದು ಅಲ್ಲಿ ಇಳಿದರೆ ಬೆಳಿಗ್ಗೆಯೇ ಬೆವರುತ್ತೀರಿ. ಬಿಒಎಂನಲ್ಲೂ ಟಿ1, ಟಿ2 ಬೇರೆ ಬೇರೆ ಕಡೆ ಇವೆ. ಎರಡಕ್ಕೂ ಮೆಟ್ರೊ 3 ಇದೆ, ಆದರೆ ರಾತ್ರಿ ಹತ್ತರ ನಂತರ ಇಳಿಯುವವರು ಮೆಟ್ರೊ ನಂಬಿಕೊಳ್ಳದೆ ಟ್ಯಾಕ್ಸಿ ಹಿಡಿಯಿರಿ.

ರೈಲಿನಲ್ಲಿ ಬರುವವರು ಎಲ್ಲಿ ಇಳಿಯುತ್ತೀರಿ ಅನ್ನುವುದನ್ನು ಮೊದಲೇ ನೋಡಿ. ಮಂಗಳೂರು, ಉಡುಪಿ ಕಡೆಯ ಮತ್ಸ್ಯಗಂಧ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ, ಅಂದರೆ ಕುರ್ಲಾಕ್ಕೆ ಬರುತ್ತದೆ. ಹುಬ್ಬಳ್ಳಿಯ ರೈಲು ದಾದರಿಗೆ, ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ. ಉದ್ಯಾನ್‌ಗೆ ಹೆಚ್ಚುಕಡಿಮೆ ಒಂದಿಡೀ ದಿನ ಬೇಕು, ನಾಲ್ಕು ದಿನದ ಪ್ರವಾಸಕ್ಕೆ ಅದು ಹೊಂದುವುದಿಲ್ಲ.

## ಹಂತ 5: ಜೊತೆಗೆ ಬಂದವರ ಹಗಲು

ಬಹುತೇಕರು ಬಿಟ್ಟುಬಿಡುವ ಹಂತವಿದು. ನನಗೆ ಅತ್ಯಂತ ಮುಖ್ಯ ಅನ್ನಿಸುವುದೂ ಇದೇ. "ನೀನು ರೆಸ್ಟ್ ಮಾಡು, ನಾನು ಬಂದ ಮೇಲೆ ಹೋಗೋಣ" ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಕೆಲಸ ಏಳಕ್ಕೆ ಮುಗಿಯುತ್ತದೆ, ಬಂದವರು ಸುಸ್ತಾಗಿರುತ್ತಾರೆ, ಕಾದವರು ಬೇಸತ್ತಿರುತ್ತಾರೆ. ಆ ರಾತ್ರಿಯ ಜಗಳಕ್ಕೆ ಇಬ್ಬರಲ್ಲಿ ಯಾರೂ ಕಾರಣರಲ್ಲ, ಕಾರಣ ಆ ಖಾಲಿ ಹಗಲು. ಆದ್ದರಿಂದ ಎರಡು ಹಗಲಿಗೂ ಒಬ್ಬರೇ ನಿರಾತಂಕವಾಗಿ ಸುತ್ತಬಹುದಾದ ಒಂದೊಂದು ದಾರಿ ಮೊದಲೇ ಗೊತ್ತುಮಾಡಿ.

ಮೊದಲ ಹಗಲು, ಫೋರ್ಟ್ ನಡಿಗೆ. ಹುತಾತ್ಮ ಚೌಕದಲ್ಲಿ ಮೆಟ್ರೊ ಇಳಿದು ಫ್ಲೋರಾ ಫೌಂಟನ್ ನೋಡಿ, ಕಾಲಾ ಘೋಡಾ ಕಡೆ ನಡೆಯಿರಿ. ಜಹಾಂಗೀರ್ ಆರ್ಟ್ ಗ್ಯಾಲರಿ, ಅದರಾಚೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಸಂಗ್ರಹಾಲಯ ಒಂದಕ್ಕೇ ಮೂರು ಗಂಟೆ ಕೊಡಿ. ಬಿಸಿಲು ಇಳಿದ ಮೇಲೆ ಓವಲ್ ಮೈದಾನದ ಅಂಚಿನಲ್ಲಿ ನಡೆದರೆ ಒಂದು ಬದಿಗೆ ಗೋಪುರಗಳ ಗಾಥಿಕ್ ಕಟ್ಟಡಗಳು, ಎದುರು ಬದಿಗೆ ಆರ್ಟ್ ಡೆಕೊ ಮನೆಗಳು. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸಾಲುಗಳಿವು. ಅಲ್ಲಿಂದ ಚರ್ಚ್‌ಗೇಟ್ ಹತ್ತಿರ. ಈ ದಾರಿಯಲ್ಲಿ ಎಲ್ಲೂ ವಾಹನ ಬೇಕಿಲ್ಲ, ಜನ ಸದಾ ಇರುತ್ತಾರೆ.

ಎರಡನೆಯ ಹಗಲು, ನಮ್ಮ ಮಾಟುಂಗ. ಕನ್ನಡದಲ್ಲೇ ಮಾತಾಡಿ ಕಾಫಿ ಕೇಳಬಹುದಾದ ಕೇರಿ ಇದು. ಬೆಳಿಗ್ಗೆ ಎಂಟರ ಹೊತ್ತಿಗೆ ಸ್ಟೇಷನ್ ಬಳಿಯ ರಾಮಾಶ್ರಯದಲ್ಲಿ ಅನಾನಸ್ ಶಿರಾ ತಿಂದು, ಹೂವಿನ ಅಂಗಡಿಗಳ ಸಾಲು ದಾಟಿ, ಆಸ್ತಿಕ ಸಮಾಜದ ದೇವಸ್ಥಾನಕ್ಕೆ ಹೋಗಿ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಆ ವಾರ ನಾಟಕವೋ ಉಪನ್ಯಾಸವೋ ಇದೆಯೇ ಎಂದು ವಿಚಾರಿಸಿ. ಮಧ್ಯಾಹ್ನ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ. ಸೋಮವಾರ ಮಾತ್ರ ಅಲ್ಲಿಗೆ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಮಾಟುಂಗಕ್ಕೆ ಬರುವವರು ಮಾಡುವ ತಪ್ಪು ಒಂದಿದೆ. ಮಾಟುಂಗ ಮಧ್ಯ ರೈಲ್ವೆಯದು, ಮಾಟುಂಗ ರೋಡ್ ಪಶ್ಚಿಮ ರೈಲ್ವೆಯದು. ಹೆಸರು ನಂಬಿ ಎರಡನೆಯದರಲ್ಲಿ ಇಳಿದು "ರಾಮಾಶ್ರಯ ಎಲ್ಲಿ" ಎಂದು ಹುಡುಕುವವರನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಕರ್ನಾಟಕ ಸಂಘಕ್ಕೆ ಹೋಗುವವರಿಗೆ ಮಾತ್ರ ಮಾಟುಂಗ ರೋಡ್ ಸರಿ. ಮೆಟ್ರೊದಲ್ಲಿ ಬಂದರೆ ದಾದರಿನಲ್ಲಿ ಇಳಿದು ಕಾಲೀ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ. ಆಟೊ ಹುಡುಕಬೇಡಿ: ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೊಗಳಿಗೆ ಅವಕಾಶವಿಲ್ಲ.

ಒಬ್ಬರೇ ತಿರುಗುವಾಗ ಬ್ಯಾಗಿನಲ್ಲಿ ಪವರ್ ಬ್ಯಾಂಕ್, ಚಿಲ್ಲರೆ, ಹೋಟೆಲ್ ವಿಳಾಸ ಬರೆದ ಚೀಟಿ ಇರಲಿ. ಮೊಬೈಲ್ ಸತ್ತಾಗ ಕೈ ಹಿಡಿಯುವುದು ಆ ಚೀಟಿ.

## ಹಂತ 6: ಲೋಕಲ್ ಹತ್ತುವ ಮುನ್ನ

ಬೆಳಿಗ್ಗೆ ಎಂಟರಿಂದ ಹನ್ನೊಂದು ದಕ್ಷಿಣದ ಕಡೆಗೆ, ಸಂಜೆ ಐದೂವರೆಯಿಂದ ಒಂಬತ್ತು ಉತ್ತರದ ಕಡೆಗೆ ಜನಸಾಗರ. ಹೊಸಬರು ಆ ಹೊತ್ತಿನಲ್ಲಿ ಆ ದಿಕ್ಕಿಗೆ ಲೋಕಲ್ ಹತ್ತದಿರುವುದೇ ಕ್ಷೇಮ. ಉಳಿದ ಹೊತ್ತಿನಲ್ಲಿ ಧೈರ್ಯವಾಗಿ ಹತ್ತಿ, ಇಷ್ಟು ಬೇಗ ಊರು ದಾಟಿಸುವ ಇನ್ನೊಂದು ವಾಹನವಿಲ್ಲ.

ಹಲಗೆಯ ಮೇಲೆ ಸ್ಲೋ, ಫಾಸ್ಟ್ ನೋಡಿ; ಫಾಸ್ಟ್ ಎಲ್ಲ ಕಡೆ ನಿಲ್ಲುವುದಿಲ್ಲ. ಬಾಂದ್ರಾದಲ್ಲೋ ಅಂಧೇರಿಯಲ್ಲೋ ಇಳಿಯುವವರು ಸಂಜೆಯ ವಿರಾರ್ ಫಾಸ್ಟ್ ಹತ್ತಬೇಡಿ. ದೂರ ಹೋಗುವವರು ಬಾಗಿಲಲ್ಲಿ ತುಂಬಿರುತ್ತಾರೆ, ನಿಮ್ಮನ್ನು ಇಳಿಯಲು ಬಿಡುವಷ್ಟು ಜಾಗ ಅವರಿಗೂ ಇರುವುದಿಲ್ಲ. ಎರಡನೇ ದರ್ಜೆಯ ಟಿಕೆಟ್ ಹಿಡಿದು ಫಸ್ಟ್ ಕ್ಲಾಸಿಗೆ ಹತ್ತಿದರೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ದರದ ವ್ಯತ್ಯಾಸ. ಡಬ್ಬಿಯ ಮೇಲಿನ ಗುರುತು ನೋಡಿಯೇ ಹತ್ತಿ.

ಇಬ್ಬರೂ ಇದ್ದಾಗ ಗಂಡ ಜನರಲ್‌ನಲ್ಲಿ, ಹೆಂಡತಿ ಲೇಡೀಸ್ ಡಬ್ಬಿಯಲ್ಲಿ ಹೋಗುವುದು ಸುಖ. ಆದರೆ ಸೇರುವ ಜಾಗ ಮೊದಲೇ ಮಾತಾಡಿಕೊಳ್ಳಿ. "ದಾದರ್‌ನಲ್ಲಿ ಸಿಗೋಣ" ಅಂದರೆ ಸಿಗುವುದಿಲ್ಲ. ಯಾವ ಲೈನು, ಯಾವ ಪ್ಲಾಟ್‌ಫಾರ್ಮು, ಪೂರ್ವವೋ ಪಶ್ಚಿಮವೋ ಎಂದು ಹೇಳಬೇಕು.

## ಹಂತ 7: ಸಂಜೆಗೆ ಒಂದೇ ಕೆಲಸ

ಕೆಲಸದ ದಿನದ ಸಂಜೆ ಒಂದಕ್ಕಿಂತ ಹೆಚ್ಚು ಜಾಗ ಇಟ್ಟುಕೊಳ್ಳಬೇಡಿ. ಗುರುವಾರ ಮರೀನ್ ಡ್ರೈವ್ ಸಾಕು. ಕೆಲಸಕ್ಕೆ ಹೋದವರು ರೂಮಿಗೆ ಬಂದು ಮತ್ತೆ ಹೊರಡುವ ಬದಲು ನೇರವಾಗಿ ಚರ್ಚ್‌ಗೇಟ್ ಮೆಟ್ರೊಗೆ ಬರಲಿ, ಜೊತೆಗಾರರು ಅಲ್ಲೇ ಕಾಯಲಿ. ರೂಮಿನ ಹಾಸಿಗೆ ನೋಡಿದ ಮೇಲೆ ಯಾರೂ ಮತ್ತೆ ಹೊರಬೀಳುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಗ್ ಹೆಗಲಲ್ಲಿದ್ದರೂ ಪರವಾಗಿಲ್ಲ, ಕಟ್ಟೆಯ ಮೇಲೆ ಪಕ್ಕಕ್ಕಿಟ್ಟು ಮರೆಯಬೇಡಿ ಅಷ್ಟೇ. ಕಾಲುಗಳ ನಡುವೆ ಇಟ್ಟು ಪಟ್ಟಿಯನ್ನು ಮೊಣಕಾಲಿಗೆ ಸುತ್ತಿಕೊಳ್ಳಿ.

ಶುಕ್ರವಾರ ಆಫೀಸಿನವರ ಊಟವಿದ್ದರೆ ಸಂಗಾತಿ ಬರಬಹುದೇ ಎಂದು ಮುಂಚೆಯೇ ಕೇಳಿ. ಇಲ್ಲವೆಂದರೆ ಆ ರಾತ್ರಿಯನ್ನು ಹಾಳೆಯಿಂದ ತೆಗೆದುಬಿಡಿ. "ಬೇಗ ಬರ್ತೀನಿ" ಎಂದು ಮಾತು ಕೊಡಬೇಡಿ.

## ಹಂತ 8: ಶನಿವಾರ ದೂರ, ಭಾನುವಾರ ಹತ್ತಿರ

ದೂರದ ಜಾಗ ಶನಿವಾರಕ್ಕೆ. ಕಾರಣ ಮೆಗಾ ಬ್ಲಾಕ್. ಭಾನುವಾರ ಬೆಳಿಗ್ಗೆ ಹತ್ತು-ಹನ್ನೊಂದರಿಂದ ಮಧ್ಯಾಹ್ನ ಮೂರು-ನಾಲ್ಕರವರೆಗೆ ಹಳಿ ದುರಸ್ತಿಗೆ ಲೋಕಲ್‌ಗಳನ್ನು ಕಡಿತ ಮಾಡುತ್ತಾರೆ. ಯಾವ ಲೈನಿನಲ್ಲಿ ಎಂಬುದು ಒಂದೆರಡು ದಿನ ಮೊದಲೇ ಪ್ರಕಟವಾಗುತ್ತದೆ, ಶನಿವಾರ ರಾತ್ರಿ ನೋಡಿಕೊಂಡು ಮಲಗಿ.

ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗುವುದಾದರೆ ಒಂಬತ್ತಕ್ಕೆ ಗೇಟ್‌ವೇ ಆಫ್ ಇಂಡಿಯಾದಲ್ಲಿರಿ. ದೋಣಿಗೆ ಸುಮಾರು ಒಂದು ಗಂಟೆ, ಮೇಲೆ ಹತ್ತಲು ನೂರಕ್ಕೂ ಹೆಚ್ಚು ಮೆಟ್ಟಿಲು. ಗುಹೆಗಳ ಪ್ರವೇಶ ಟಿಕೆಟ್ ದೋಣಿಯ ಟಿಕೆಟ್‌ನಲ್ಲಿ ಸೇರಿಲ್ಲ. ಲೈಫ್ ಜಾಕೆಟ್ ಕೇಳಿ ತೊಟ್ಟುಕೊಂಡೇ ಕೂರಿ, ಕೊಡದ ದೋಣಿ ಹತ್ತಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯಲ್ಲಿ ಪ್ರಯಾಣಿಕರ ದೋಣಿಯೊಂದು ಅಪಘಾತಕ್ಕೆ ಸಿಕ್ಕಿ ಜೀವಗಳು ಹೋಗಿವೆ. ರಜೆ ಸೋಮವಾರಕ್ಕೆ ಬಿದ್ದರೆ ಎಲಿಫೆಂಟಾ ಮುಚ್ಚಿರುತ್ತದೆ, ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನವೂ ಅದರೊಳಗಿನ ಕಾನ್ಹೇರಿ ಗುಹೆಗಳೂ ಅಷ್ಟೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕವೇ ಬೇರೆ. ಹೊರಡುವ ಬೆಳಿಗ್ಗೆ ಮಳೆಯ ಮುನ್ಸೂಚನೆಯ ಜೊತೆ ಸಮುದ್ರದ ಭರತದ ಸಮಯವನ್ನೂ ನೋಡಿ. ಜೋರು ಮಳೆ, ನಾಲ್ಕೂವರೆ ಮೀಟರ್‌ಗಿಂತ ಎತ್ತರದ ಭರತ ಎರಡೂ ಒಂದೇ ಹೊತ್ತಿಗೆ ಬಂದರೆ ಊರಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ತುಂಬಿಕೊಳ್ಳುತ್ತವೆ, ಲೋಕಲ್ ನಿಧಾನವಾಗುತ್ತದೆ. ಆ ದಿನ ಸಂಗ್ರಹಾಲಯದಲ್ಲಿರಿ. ದೋಣಿ, ಕಡಲ ಬಂಡೆಗಳ ಹತ್ತಿರ ಸುಳಿಯಬೇಡಿ.

ಟ್ಯಾಕ್ಸಿಯಲ್ಲಿ ಮೀಟರ್ ಹಾಕಿಸಿ. 2025ರ ಫೆಬ್ರವರಿಯಲ್ಲಿ ನಿಗದಿಯಾದ ಕನಿಷ್ಠ ದರ ಕಾಲೀ-ಪೀಲಿಗೆ 31, ಆಟೊಗೆ 26 ರೂಪಾಯಿ. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲು ಪಾಲು ಹೆಚ್ಚು. ಗೇಟ್‌ವೇ ಮುಂದೆ "ಇಡೀ ಮುಂಬಯಿ ದರ್ಶನ" ಎಂದು ಒಟ್ಟು ಮೊತ್ತ ಹೇಳುವವರಿದ್ದರೆ ನೂರು ಹೆಜ್ಜೆ ಮುಂದೆ ನಡೆದು ಬೇರೆ ಗಾಡಿ ಹಿಡಿಯಿರಿ.

## ಹಂತ 9: ಹೊರಡುವ ಬೆಳಿಗ್ಗೆ, ಎರಡು ಬಿಲ್

ಹಿಂದಿನ ರಾತ್ರಿಯೇ ಕೌಂಟರ್‌ಗೆ ಹೋಗಿ ಎರಡು ಬಿಲ್ ಸಿದ್ಧವಿಡಲು ಹೇಳಿ. ಒಂದರಲ್ಲಿ ಕಂಪನಿಯ ಹೆಸರು, ಅದರ ಜಿಎಸ್‌ಟಿ ಸಂಖ್ಯೆ, ಕೆಲಸದ ರಾತ್ರಿಗಳು, ಒಬ್ಬರ ದರ. ಇನ್ನೊಂದು ನಿಮ್ಮ ಹೆಸರಿನಲ್ಲಿ: ಇಬ್ಬರ ದರದ ವ್ಯತ್ಯಾಸ, ರಜೆಯ ರಾತ್ರಿಗಳು, ರೂಮಿಗೆ ತರಿಸಿದ ಊಟ, ಬಟ್ಟೆ ಒಗೆಸಿದ್ದು. ಬಿಲ್ ಒಮ್ಮೆ ಮುದ್ರಣವಾದ ಮೇಲೆ ಹೆಸರು ಬದಲಿಸಲು ಹೋಟೆಲಿನವರು ಒಪ್ಪುವುದು ಕಷ್ಟ. ಟ್ಯಾಕ್ಸಿ ಆ್ಯಪ್‌ನಲ್ಲೂ ಆಫೀಸ್ ಪ್ರಯಾಣ, ಸ್ವಂತ ಪ್ರಯಾಣ ಬೆರೆಯದಂತೆ ಶುಕ್ರವಾರ ಸಂಜೆಯೇ ಪಾವತಿಯನ್ನು ನಿಮ್ಮ ಖಾತೆಗೆ ಬದಲಿಸಿ.

ವಿಮಾನ ಸಂಜೆಗಿದ್ದರೆ ಬೆಳಿಗ್ಗೆ ರೂಮ್ ಬಿಟ್ಟು ಸೂಟ್‌ಕೇಸ್‌ಗಳನ್ನು ಕೌಂಟರ್‌ನಲ್ಲಿಡಿ, ಚೀಟಿ ತೆಗೆದುಕೊಳ್ಳಿ. ಆಫೀಸ್ ಲ್ಯಾಪ್‌ಟಾಪ್ ಮಾತ್ರ ಅದರಲ್ಲಿ ಹಾಕಬೇಡಿ, ಕೈಯಲ್ಲೇ ಇರಲಿ. ಭಾನುವಾರ ಸಂಜೆ ದಕ್ಷಿಣದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊ 3 ಹಿಡಿಯಿರಿ. ಟಿ1ಕ್ಕೂ ಟಿ2ಕ್ಕೂ ಬೇರೆ ಬೇರೆ ನಿಲ್ದಾಣ, ಇಳಿಯುವ ಮುನ್ನ ಬೋರ್ಡಿಂಗ್ ಪಾಸ್ ಮೇಲಿನ ಟರ್ಮಿನಲ್ ಇನ್ನೊಮ್ಮೆ ನೋಡಿ. ಊರು ಸೇರಿದ ಮರುದಿನವೇ ಕಂಪನಿಯ ಬಿಲ್, ಹಂತ 1ರ ಒಪ್ಪಿಗೆಯ ಮೇಲ್ ಎರಡನ್ನೂ ಒಟ್ಟಿಗೆ ಲಗತ್ತಿಸಿ ಕಳಿಸಿಬಿಡಿ.